ಒಂದೇ ಲೆಕ್ಕ, ನಾಲ್ಕು ನಮೂನೆ

ಕಂಪನಿಗಳ ಸುಸ್ಥಿರತಾ ವರದಿಯ ನಿಯಮಗಳನ್ನು ಯುರೋಪ್ ಸಡಿಲಿಸಿದ ಮೇಲೆ ವಿಮಾ ಕ್ಷೇತ್ರದಲ್ಲಿರುವವರಿಂದ ಸಾಕಷ್ಟು ಪತ್ರಗಳು ಬಂದಿವೆ. ಆ ಕ್ಷೇತ್ರಕ್ಕೂ ತಮಗೂ ಏನು ಸಂಬಂಧ ಅಂದುಕೊಂಡಿದ್ದವರೂ ಬರೆದಿದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಹೆಸರು ಬೇಡ ಎಂದವರೇ ಹೆಚ್ಚು. ಹಾಗಾಗಿ ಎಲ್ಲರದೂ ಊರಷ್ಟೇ ಇದೆ.

ಮೇಡಂ, ನಾನು ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. ಸಿಮೆಂಟ್ ಕಾರ್ಖಾನೆಯವರು ಪರಿಸರದ ಲೆಕ್ಕ ಕೊಡಬೇಕು ಅಂದರೆ ಅರ್ಥವಾಗುತ್ತದೆ. ವಿಮಾ ಕಂಪನಿಯಲ್ಲಿ ಇರುವುದು ಮೇಜು, ಕುರ್ಚಿ, ಕಂಪ್ಯೂಟರು, ಎ.ಸಿ. ಅಷ್ಟಕ್ಕೆ ನೂರಾರು ಪುಟದ ವರದಿ ಏಕೆ? ಅದನ್ನು ಹೊರೆ ಎಂದು ಅವರು ಗೋಳಾಡುವುದೇಕೆ?
— ವಿದ್ಯಾರ್ಥಿನಿ, ಉಡುಪಿ

ನೀವು ಹೇಳಿದ ಮೇಜು-ಕುರ್ಚಿ-ಎ.ಸಿ.ಯ ಲೆಕ್ಕ ದೊಡ್ಡ ಕೆಲಸವಲ್ಲ. ಕರೆಂಟ್ ಬಿಲ್ಲು, ಜನರೇಟರಿನ ಡೀಸೆಲ್, ಅಧಿಕಾರಿಗಳ ವಿಮಾನದ ಟಿಕೆಟ್ಟು ಕೂಡಿಸಿದರೆ ಮುಗಿಯಿತು. ತಲೆನೋವು ಇರುವುದು ಕಚೇರಿಯ ಹೊರಗೆ.

ವಿಮಾ ಕಂಪನಿ ಪಾಲಿಸಿದಾರರ ಹಣವನ್ನು ಸರ್ಕಾರಿ ಸಾಲಪತ್ರ, ಕಂಪನಿಗಳ ಬಾಂಡು, ಷೇರು, ಕಟ್ಟಡಗಳಲ್ಲಿ ಹೂಡಿರುತ್ತದೆ. ಜೊತೆಗೆ ಕಾರ್ಖಾನೆ, ಹಡಗು, ಲಾರಿ, ಮನೆಗಳ ಅಪಾಯವನ್ನು ಮೈಮೇಲೆ ಹಾಕಿಕೊಂಡಿರುತ್ತದೆ. ಯುರೋಪಿನ ನಿಯಮ ಎರಡು ದಿಕ್ಕಿನಿಂದ ನೋಡುತ್ತದೆ: ಹವಾಮಾನದಿಂದ ಕಂಪನಿಗೆ ಏನು ಪೆಟ್ಟು, ಕಂಪನಿಯ ವ್ಯವಹಾರದಿಂದ ಪರಿಸರಕ್ಕೂ ಜನರಿಗೂ ಏನು ಪೆಟ್ಟು. ಎರಡನೆಯದನ್ನು ಹಿಡಿದು ಹೊರಟರೆ, ವಿಮಾ ಕಂಪನಿ ಹಣ ಹಾಕಿದ ಪ್ರತಿ ಉಕ್ಕಿನ ಕಾರ್ಖಾನೆಯ ಹೊಗೆಯಲ್ಲಿ ಅದರ ಪಾಲು ಎಷ್ಟು ಎಂದು ಕೇಳಬೇಕಾಗುತ್ತದೆ. ಹೂಡಿಕೆಯ ಮಟ್ಟಿಗೆ ಈ ಪ್ರಶ್ನೆಗೆ ಅರ್ಥವಿದೆ. ಕಂಪನಿಯ ಒಟ್ಟು ಬಂಡವಾಳದಲ್ಲಿ ನಿಮ್ಮದೆಷ್ಟೋ, ಹೊಗೆಯಲ್ಲೂ ಅಷ್ಟೇ ಪಾಲು.

ವಿಮೆ ಕೊಟ್ಟದ್ದಕ್ಕೂ ಪಾಲು ಹಾಕಲು ಹೊರಟಾಗ ಕಥೆ ವಿಚಿತ್ರವಾಗುತ್ತದೆ. ಬ್ಯಾಂಕು, ವಿಮಾ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಪಿ.ಸಿ.ಎ.ಎಫ್. ಎಂಬ ಕೂಟ 2022ರಲ್ಲಿ ಇದಕ್ಕೊಂದು ಸೂತ್ರ ಹೊರಡಿಸಿತು. ವಾಣಿಜ್ಯ ವಿಮೆಯಲ್ಲಿ ಗ್ರಾಹಕ ಕಟ್ಟಿದ ಪ್ರೀಮಿಯಂ ಅವನ ವಹಿವಾಟಿನ ಎಷ್ಟನೇ ಪಾಲೋ, ಅವನ ಹೊಗೆಯ ಅಷ್ಟನೇ ಪಾಲು ವಿಮಾ ಕಂಪನಿಯ ಖಾತೆಗೆ. ಕಾಗದ-ಪೆನ್ನು ತೆಗೆದುಕೊಳ್ಳಿ. 100 ಕೋಟಿ ಯೂರೋ ವಹಿವಾಟಿನ ಒಂದು ಕಾರ್ಖಾನೆ ವರ್ಷಕ್ಕೆ 50,000 ಟನ್ ಇಂಗಾಲ ಉಗುಳುತ್ತದೆ ಅನ್ನೋಣ. ಪ್ರೀಮಿಯಂ 10 ಲಕ್ಷ ಯೂರೋ. ಅಂದರೆ ಸಾವಿರದಲ್ಲಿ ಒಂದು ಪಾಲು. ವಿಮಾ ಕಂಪನಿಯ ಲೆಕ್ಕಕ್ಕೆ 50 ಟನ್. ಮರುವರ್ಷ ಆ ಪ್ರದೇಶದಲ್ಲಿ ನೆರೆ ಬಂತು, ವಿಮಾ ಕಂಪನಿ ಪ್ರೀಮಿಯಂ ಅನ್ನು 15 ಲಕ್ಷಕ್ಕೆ ಏರಿಸಿತು. ಕಾರ್ಖಾನೆಯ ಚಿಮಣಿ ಹಾಗೇ ಇದೆ, ವಹಿವಾಟೂ ಹಾಗೇ ಇದೆ. ವಿಮಾ ಕಂಪನಿಯ ಖಾತೆಯಲ್ಲಿ ಮಾತ್ರ ಹೊಗೆ 75 ಟನ್ ಆಯಿತು! ಅಪಾಯವನ್ನು ಸರಿಯಾಗಿ ಅಳೆದು ದರ ಏರಿಸಿದವನೇ ಹೆಚ್ಚು ಹೊಗೆಯವನಾದ. ದರ ಇಳಿಸಿ ಗಿರಾಕಿ ಹಿಡಿದವನು ಹಸಿರಾದ.

ಇಂಥ ಸಂಖ್ಯೆಗೆ ಆಡಿಟರ್ ಸಹಿ ಬೇಕು ಅಂದಾಗ ಗೋಳಾಡುವುದು ನ್ಯಾಯವೇ. 2025ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿ ತನ್ನ ಹವಾಮಾನ ಮಾನದಂಡವನ್ನು ತಿದ್ದಿ, ಹೂಡಿಕೆಯ ಹೊಗೆಯನ್ನಷ್ಟೇ ತೋರಿಸಿ ವಿಮೆಗೆ ತಗಲಿಕೊಂಡ ಹೊಗೆಯನ್ನು ಕೈಬಿಡಲು ಅವಕಾಶ ಕೊಟ್ಟಿತು. ಹೊರೆ ಇಳಿಸುವುದು ಅಂದರೆ ನನ್ನ ಮಟ್ಟಿಗೆ ಇದು.

ಇನ್ನೊಂದು ಉದಾಹರಣೆಯನ್ನೂ ನೋಡಿಬಿಡಿ, ಪರೀಕ್ಷೆಗೆ ಬರದಿದ್ದರೂ ಕೆಲಸಕ್ಕೆ ಬರುತ್ತದೆ. ಯುರೋಪಿನ ಹಸಿರು ವರ್ಗೀಕರಣ, ಅಂದರೆ ಟ್ಯಾಕ್ಸಾನಮಿ, ಜೀವವಿಮೆಯೇತರ ಕಂಪನಿಗಳನ್ನು ಕೇಳುತ್ತದೆ: ನಿಮ್ಮ ಪ್ರೀಮಿಯಂನಲ್ಲಿ ಹವಾಮಾನದ ಅಪಾಯಕ್ಕೆ ರಕ್ಷಣೆ ಕೊಡುವ ಭಾಗ ಎಷ್ಟು? ಮನೆಯ ಪಾಲಿಸಿಯನ್ನು ಮಾರುವಾಗ ಬೆಂಕಿ, ಕಳ್ಳತನ, ಪೈಪ್ ಒಡೆದ ನೀರು, ಬಿರುಗಾಳಿ, ನೆರೆ ಎಲ್ಲಕ್ಕೂ ಸೇರಿ ಒಂದೇ ದರ. ಗ್ರಾಹಕನ ರಸೀದಿಯಲ್ಲಿ ನೆರೆಗೆ ಇಷ್ಟು, ಕಳ್ಳನಿಗೆ ಇಷ್ಟು ಎಂದು ಬರೆದಿರುವುದಿಲ್ಲ. ವರದಿಗೋಸ್ಕರ ಆಕ್ಚುಯರಿಗಳು ಕೂತು ಒಂದೊಂದು ಪಾಲಿಸಿ ವರ್ಗವನ್ನೂ ಬಿಡಿಸಿ, ಗಾಳಿ-ಮಳೆಯ ಪಾಲನ್ನು ಬೇರೆ ತೆಗೆಯಬೇಕು. ಇದರಿಂದ ಯಾವ ಮನೆಯ ಚಾವಣಿಯೂ ಗಟ್ಟಿಯಾಗಲಿಲ್ಲ.

ನಾನು ಯುರೋಪಿನ ಒಂದು ವಿಮಾ ಸಮೂಹದ ಬೆಂಗಳೂರು ಕೇಂದ್ರದಲ್ಲಿದ್ದೇನೆ. ನಮ್ಮ ತಂಡ ಎರಡು ವರ್ಷದಿಂದ ಸಿ.ಎಸ್.ಆರ್.ಡಿ. ಡೇಟಾ ಪಾಯಿಂಟ್‌ಗಳನ್ನೇ ತುಂಬುತ್ತಿದೆ. ಈಗ ಮ್ಯಾನೇಜರು ‘ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ’ ಅನ್ನುತ್ತಾರೆ. ಡೇಟಾ ಪಾಯಿಂಟ್ ಹೋದರೆ ಸರಿ, ನಾವೂ ಹೋಗುತ್ತೇವಾ? ಅಸಲಿಗೆ ಬ್ರಸೆಲ್ಸ್‌ನಲ್ಲಿ ಆಗಿದ್ದಾದರೂ ಏನು?
— ವೈಟ್‌ಫೀಲ್ಡ್, ಬೆಂಗಳೂರು

ನಿಮಗೆ ಗೊತ್ತಿರುವ ಅರ್ಧವನ್ನು ಉಳಿದ ಓದುಗರಿಗಾಗಿ ಹೇಳುತ್ತೇನೆ, ಬೇಸರ ಬೇಡ. ಸಿ.ಎಸ್.ಆರ್.ಡಿ. ಎಂಬ ಸುಸ್ಥಿರತಾ ವರದಿಯ ನಿರ್ದೇಶನ 2023ರ ಜನವರಿಯಲ್ಲಿ ಜಾರಿಗೆ ಬಂತು. ಸುಮಾರು 50,000 ಕಂಪನಿಗಳು ಅದರ ಬಲೆಗೆ ಬೀಳಬೇಕಿತ್ತು. ವರದಿಯಲ್ಲಿ ಏನಿರಬೇಕು ಎಂದು ಹೇಳುವ 12 ಮಾನದಂಡಗಳು ಅದೇ ವರ್ಷ ಬಂದವು. ಬಿಡಿಸಿದರೆ ಸಾವಿರಕ್ಕೂ ಹೆಚ್ಚು ಡೇಟಾ ಪಾಯಿಂಟ್. ವಿಮಾ ಕಂಪನಿಗಳಿಗೆ ಇದು ಮೊದಲ ಕಂತಿನಲ್ಲೇ ತಗಲಿತು. ಯುರೋಪಿನ ಕಾನೂನಿನಲ್ಲಿ ವಿಮಾ ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೂ ‘ಸಾರ್ವಜನಿಕ ಹಿತಾಸಕ್ತಿಯ ಸಂಸ್ಥೆ’. ಹಾಗಾಗಿ 500ಕ್ಕಿಂತ ಹೆಚ್ಚು ನೌಕರರಿದ್ದ ದೊಡ್ಡ ವಿಮಾ ಕಂಪನಿಗಳು 2024ರ ಲೆಕ್ಕವನ್ನೇ 2025ರಲ್ಲಿ ಕೊಡಬೇಕಾಯಿತು. ಜರ್ಮನಿಯಂಥ ದೇಶ ಗಡುವು ಮುಗಿದರೂ ನಿರ್ದೇಶನವನ್ನು ತನ್ನ ಕಾನೂನಾಗಿ ಮಾಡಿಕೊಂಡಿರಲಿಲ್ಲ. ಒಂದೇ ಸಮೂಹದ ಒಂದು ದೇಶದ ಕಂಪನಿಗೆ ಕಡ್ಡಾಯ, ಇನ್ನೊಂದು ದೇಶದ ಕಂಪನಿಗೆ ಐಚ್ಛಿಕ ಎಂಬಂಥ ಗೊಂದಲ ಆಗ ನಿಮ್ಮ ಮೇಜಿಗೂ ಬಂದಿರಬೇಕು.

2024ರ ಸೆಪ್ಟೆಂಬರಿನಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಘಿ ಯುರೋಪಿನ ಸ್ಪರ್ಧಾಶಕ್ತಿಯ ಬಗ್ಗೆ ವರದಿ ಕೊಟ್ಟರು. ನಿಯಮಗಳ ಭಾರವೂ ಅದರಲ್ಲಿ ದೂರಾಗಿ ಬಂತು. ಮುಂದಿನದೆಲ್ಲ ಓಟ. 2025ರ ಫೆಬ್ರವರಿ 26ಕ್ಕೆ ಯುರೋಪಿಯನ್ ಆಯೋಗ ‘ಒಮ್ನಿಬಸ್’ ಮಸೂದೆ ಮುಂದಿಟ್ಟಿತು. ಏಪ್ರಿಲ್‌ನಲ್ಲಿ ಎರಡನೇ, ಮೂರನೇ ಕಂತಿನ ಕಂಪನಿಗಳಿಗೆ ಎರಡು ವರ್ಷ ಮುಂದೂಡಿದರು. ಜುಲೈನಲ್ಲಿ, ಆಗಲೇ ವರದಿ ಕೊಡುತ್ತಿದ್ದವರಿಗೆ ‘ಮೊದಲ ವರ್ಷದ್ದಕ್ಕಿಂತ ಹೆಚ್ಚು ಬೇಡ’ ಎಂಬ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಡಿಸೆಂಬರಿನಲ್ಲಿ ರಾಜಿಯಾಗಿ, 16ರಂದು ಯುರೋಪಿಯನ್ ಪಾರ್ಲಿಮೆಂಟ್ ಒಪ್ಪಿತು: 1,000ಕ್ಕಿಂತ ಹೆಚ್ಚು ನೌಕರರೂ ಇರಬೇಕು, 45 ಕೋಟಿ ಯೂರೋ ಮೀರಿದ ವಹಿವಾಟೂ ಇರಬೇಕು, ಆಗ ಮಾತ್ರ ವರದಿ ಕಡ್ಡಾಯ. ಒಂದೊಂದು ಉದ್ಯಮಕ್ಕೂ ಬೇರೆ ಮಾನದಂಡ ತರುವ ಯೋಜನೆಯನ್ನು ಕೈಬಿಟ್ಟರು. ಆಡಿಟ್ ಸೀಮಿತ ಭರವಸೆಯ ಮಟ್ಟದಲ್ಲೇ ನಿಂತಿತು. ಮಾನದಂಡ ಬರೆಯುವ ಎಫ್ರಾಗ್ ಸಂಸ್ಥೆ ಅದೇ ತಿಂಗಳು ಕೊಟ್ಟ ಕರಡಿನಲ್ಲಿ ಕಡ್ಡಾಯ ಡೇಟಾ ಪಾಯಿಂಟ್‌ಗಳು ಶೇ 61ರಷ್ಟು ಕಡಿಮೆ. ನಿಮ್ಮ ಮ್ಯಾನೇಜರು ಹೇಳಿದ್ದು ಇದನ್ನೇ.

ಈಗ ನಿಮ್ಮ ಕೆಲಸದ ಮಾತು. ಪಿ.ಡಿ.ಎಫ್.ನಿಂದ ಎಕ್ಸೆಲ್ಲಿಗೆ, ಎಕ್ಸೆಲ್ಲಿನಿಂದ ಟೂಲಿಗೆ ಅಂಕಿ ಸಾಗಿಸುವ ಕೆಲಸ ಕಡಿಮೆಯಾಗುತ್ತದೆ. ಇಲ್ಲ ಎಂದು ಸಮಾಧಾನ ಹೇಳಲಾರೆ. ಆದರೆ ಹೊಸ ಕರಡಿನ ಒಂದು ಸಾಲನ್ನು ಗಮನಿಸಿ. ಹಿಂದೆ ಗ್ರಾಹಕ ಅಥವಾ ಪೂರೈಕೆದಾರನಿಂದಲೇ ಅಂಕಿ ತರಿಸಲು ಆದ್ಯತೆ ಇತ್ತು, ಸಿಗದಿದ್ದರೆ ಅಂದಾಜು. ಈಗ ಆ ಆದ್ಯತೆಯನ್ನು ತೆಗೆದಿದ್ದಾರೆ. ಅತಿಯಾದ ಖರ್ಚು, ಶ್ರಮ ಬೇಡುವ ಮಾಹಿತಿಗೂ ರಿಯಾಯಿತಿ ಇದೆ. ಅಂದರೆ ಅಂದಾಜಿನ ಕಾಲ ಬಂತು. ಅಂದಾಜು ಹೇಗೆ ಮಾಡಿದಿರಿ, ಯಾವ ಊಹೆ ಇಟ್ಟುಕೊಂಡಿರಿ, ಕಳೆದ ವರ್ಷಕ್ಕೂ ಈ ವರ್ಷಕ್ಕೂ ಯಾಕೆ ವ್ಯತ್ಯಾಸ ಎಂದು ಆಡಿಟರ್ ಕೇಳಿದಾಗ ಬಾಯಿ ಬಿಡಬಲ್ಲವರು ಬೇಕು. ಪ್ರವಾಹ, ಬಿರುಗಾಳಿಯ ನಷ್ಟ ಅಳೆಯುವ ಮಾದರಿಗಳನ್ನು ಓದಲು ಕಲಿಯಿರಿ. ನಿಮ್ಮ ಕೇಂದ್ರದಲ್ಲೇ ಆ ತಂಡ ಇರಬಹುದು. ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಹೋಗಿ ಕೂರುವುದು ಒಳ್ಳೆಯದು.

ಹೊರೆ ಇಳಿದರೆ ಪ್ರೀಮಿಯಂ ಇಳಿಯುತ್ತದೆಯೇ?
— ದಾವಣಗೆರೆ

ಇಲ್ಲ. ಪ್ರೀಮಿಯಂ ಏರುವುದು ಕ್ಲೇಮಿನಿಂದ, ಮರುವಿಮೆಯ ದರದಿಂದ. ವರದಿಯ ಖರ್ಚು ಅದರಲ್ಲಿ ಕಣ್ಣಿಗೆ ಕಾಣದಷ್ಟು.

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ, ಮೂಲ ಊರು ತೀರ್ಥಹಳ್ಳಿ. ನಾನಿರುವುದು ಸದಸ್ಯರೇ ಮಾಲೀಕರಾಗಿರುವ ಒಂದು ಸಣ್ಣ ಜೀವವಿಮಾ ಸಂಘದಲ್ಲಿ, ಮುನ್ನೂರು ಚಿಲ್ಲರೆ ಜನ. ‘ನಾವು ಸಿ.ಎಸ್.ಆರ್.ಡಿ.ಯಿಂದ ಪಾರಾದೆವು’ ಎಂದು ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ಆದರೆ ನನ್ನ ಮೇಜಿನ ಮೇಲಿನ ಹವಾಮಾನದ ಫೈಲು ತೆಳ್ಳಗಾಗಿಲ್ಲ. ಇದು ಹೇಗೆ?
— ಮ್ಯೂನಿಕ್, ಜರ್ಮನಿ

ನಿಮ್ಮ ಪತ್ರಕ್ಕಾಗಿಯೇ ಈ ಸಂಚಿಕೆಯ ಅಂಕಣಕ್ಕೆ ಹೆಚ್ಚು ಜಾಗ ಕೇಳಿದೆ. ವಿಮಾ ಕಂಪನಿಯ ನಿಜವಾದ ಹೊರೆ ಪ್ರಶ್ನೆಗಳ ಸಂಖ್ಯೆಯಲ್ಲಿಲ್ಲ. ಒಂದೇ ಸಂಗತಿಯನ್ನು ಬೇರೆ ಬೇರೆ ಕಿಟಕಿಯವರು ಬೇರೆ ಬೇರೆ ನಮೂನೆಯಲ್ಲಿ ಕೇಳುವುದರಲ್ಲಿದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಅದೇ ಪಹಣಿಯನ್ನು ನಾಲ್ಕು ಕೌಂಟರಿಗೆ ನಾಲ್ಕು ಸಲ ಜೆರಾಕ್ಸ್ ಮಾಡಿಸಿ ಕೊಟ್ಟ ನೆನಪು ನಿಮಗೂ ಇರಬೇಕು. ಬ್ರಸೆಲ್ಸ್‌ನವರು ಒಂದು ಹೆಜ್ಜೆ ಮುಂದೆ: ಪ್ರತಿ ಕೌಂಟರಿಗೂ ಎಕರೆಯ ಅಳತೆಯೇ ಬೇರೆ.

ಒಂದು ಉದಾಹರಣೆ ಹಿಡಿದು ನೋಡೋಣ. ನಿಮ್ಮ ಸಂಘದ ಬಳಿ ಕಲ್ಲಿದ್ದಲು ಸುಡುವ ಒಂದು ವಿದ್ಯುತ್ ಕಂಪನಿಯ ಬಾಂಡು ಇದೆ ಅನ್ನಿ. ಸಿ.ಎಸ್.ಆರ್.ಡಿ. ವರದಿಗೆ ಆ ಬಾಂಡಿನ ಪಾಲಿನ ಹೊಗೆ ಎಷ್ಟು ಟನ್ ಎಂದು, ಇಡೀ ಸಮೂಹದ ಕ್ರೋಡೀಕೃತ ಲೆಕ್ಕಪತ್ರದ ಆಧಾರದಲ್ಲಿ ಹೇಳಬೇಕು. ಟ್ಯಾಕ್ಸಾನಮಿಯ ಕೋಷ್ಟಕಕ್ಕೆ ಅದೇ ಬಾಂಡು ಒಂದು ಭಿನ್ನರಾಶಿಯ ಛೇದ. ಹೂಡಿಕೆ ಆಧಾರಿತ ಜೀವವಿಮೆ ಮಾರುವವರಿಗೆ ಎಸ್.ಎಫ್.ಡಿ.ಆರ್. ಎಂಬ ಮೂರನೇ ನಿಯಮವಿದೆ. ಸಂಸ್ಥೆಯ ಮಟ್ಟದ ದುಷ್ಪರಿಣಾಮಗಳ ಹೇಳಿಕೆ ಕೊಡುವವರು ಅದಕ್ಕೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳ ಕೊನೆಯ ದಿನದ ನಾಲ್ಕು ಅಂಕಿಗಳ ಸರಾಸರಿ ತೆಗೆಯಬೇಕು, ಅದೂ ಸಮೂಹಕ್ಕಲ್ಲ, ಒಂದೊಂದು ಕಾನೂನು ಸಂಸ್ಥೆಗೆ. ಕೊನೆಯದು ಸಾಲ್ವೆನ್ಸಿ ಎರಡು, ವಿಮಾ ಕಂಪನಿ ದಿವಾಳಿಯಾಗದಂತೆ ಕಾಯುವ ನಿಯಮ. ಅಲ್ಲಿ ಅದೇ ಬಾಂಡನ್ನು ಮಾರುಕಟ್ಟೆ ಬೆಲೆಗೆ ಇಟ್ಟು, ಕಲ್ಲಿದ್ದಲು ನಿಂತರೆ ಬೆಲೆ ಎಷ್ಟು ಬೀಳುತ್ತದೆ ಎಂದು ನೋಡಬೇಕು. ಬಾಂಡು ಒಂದೇ. ಉತ್ತರಗಳು ನಾಲ್ಕು, ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾಗದ್ದಕ್ಕೆ ಕಾರಣ ಬರೆಯುವುದು ಐದನೇ ಕೆಲಸ.

ಕೇಕ್ ಕತ್ತರಿಸಿದವರು ಪಾರಾದದ್ದು ಮೊದಲ ಕೌಂಟರಿನಿಂದ. ಟ್ಯಾಕ್ಸಾನಮಿ ಕೋಷ್ಟಕದ ಬಾಧ್ಯತೆ ಅದರ ಜೊತೆಗೇ ಅಂಟಿಕೊಂಡಿದ್ದರಿಂದ ಅದೂ ತಪ್ಪಿತು. ಉಳಿದ ದೊಡ್ಡ ಕಂಪನಿಗಳಿಗೂ 2025ರ ಜುಲೈನಲ್ಲಿ ಆ ಕೋಷ್ಟಕಗಳನ್ನು ಕತ್ತರಿಸಿದರು. ಹಣಕಾಸು ಸಂಸ್ಥೆಗಳಿಗೆ ಶೇ 89ರಷ್ಟು ಡೇಟಾ ಪಾಯಿಂಟ್ ಕಡಿಮೆ ಎಂದು ಆಯೋಗವೇ ಹೇಳಿತು. ಎಸ್.ಎಫ್.ಡಿ.ಆರ್. ತಿದ್ದುಪಡಿಯ ಪ್ರಸ್ತಾವ ಅದೇ ವರ್ಷದ ನವೆಂಬರಿನಲ್ಲಿ ಬಂತು. ಸಂಸ್ಥೆಯ ಮಟ್ಟದ ಹೇಳಿಕೆಯನ್ನು ತೆಗೆದುಹಾಕುವುದು ಅದರಲ್ಲಿದೆ. ಪ್ರಸ್ತಾವ ಎಂದರೆ ಪ್ರಸ್ತಾವ, ಈಗಲೇ ಫೈಲು ಹರಿದು ಹಾಕಬೇಡಿ.

ನಾಲ್ಕನೇ ಕೌಂಟರ್ ಮಾತ್ರ ದಪ್ಪವಾಗುತ್ತಿದೆ. ಪರಿಷ್ಕೃತ ಸಾಲ್ವೆನ್ಸಿ ನಿರ್ದೇಶನ 2027ರ ಜನವರಿ 30ರಿಂದ ಅನ್ವಯ. ಹವಾಮಾನದ ಅಪಾಯ ಗಣನೀಯವಾಗಿದ್ದರೆ ಕನಿಷ್ಠ ಎರಡು ದೀರ್ಘಾವಧಿ ಸನ್ನಿವೇಶ ಓಡಿಸಬೇಕು: ಭೂಮಿಯ ತಾಪ ಎರಡು ಡಿಗ್ರಿಗಿಂತ ಕಡಿಮೆ ಏರಿದರೆ ಒಂದು, ಎರಡು ಡಿಗ್ರಿ ಮೀರಿ ಹೋದರೆ ಇನ್ನೊಂದು. ಜೊತೆಗೆ ಸುಸ್ಥಿರತೆಯ ಅಪಾಯಗಳಿಗೆ ಯೋಜನೆ. ‘ಸಣ್ಣ ಮತ್ತು ಸರಳ’ ಎಂದು ವರ್ಗವಾದ ಕಂಪನಿಗಳಿಗೆ ಸನ್ನಿವೇಶಗಳ ಕೆಲಸದಿಂದ ವಿನಾಯಿತಿ ಇದೆ. ನಿಮ್ಮ ಸಂಘ ಆ ವರ್ಗಕ್ಕೆ ಸೇರುತ್ತದೆಯೇ ಎಂದು ಮೊದಲು ನೋಡಿ. ಸೇರಿದರೆ ಅದಕ್ಕೆ ಕೇಕ್ ಕತ್ತರಿಸಬಹುದು.

ನನ್ನನ್ನು ಕೇಳಿದರೆ ಈ ನಾಲ್ಕರಲ್ಲಿ ಉಳಿಯಬೇಕಾದದ್ದು ಅದೇ ನಾಲ್ಕನೆಯದು. ನೆರೆ ಬಂದರೆ ಸಂಘದ ಬಳಿ ದುಡ್ಡಿರುತ್ತದೆಯೇ ಎಂಬ ಪ್ರಶ್ನೆಗೆ ಪಾಲಿಸಿದಾರ ನಿಜವಾಗಿ ಉತ್ತರ ಬಯಸುತ್ತಾನೆ. ಮಿಕ್ಕ ಮೂರೂ ಆ ಉತ್ತರದಿಂದಲೇ ಅಂಕಿ ಎತ್ತಿಕೊಳ್ಳಲಿ. ಒಮ್ಮೆ ಕೇಳಿ, ಬೇಕಾದವರು ಹಂಚಿಕೊಳ್ಳಿ. ವಿಮಾ ಸಂಘಗಳ ಒಕ್ಕೂಟವಾದ ಇನ್ಶೂರೆನ್ಸ್ ಯುರೋಪ್ ಕೂಡ ನಿಯಮಗಳು ಒಂದರ ಮೇಲೊಂದು ಬೀಳುವುದನ್ನು ತಪ್ಪಿಸಿ ಎಂದು ಕೇಳುತ್ತಲೇ ಬಂದಿದೆ. ಅವರಿಗೆ ಅವರ ಸ್ವಾರ್ಥ ಇದೆ, ಇರಲಿ; ಈ ಮಾತಿನಲ್ಲಿ ತಪ್ಪಿಲ್ಲ.

ಹೊಸ ಮಿತಿಯಲ್ಲಿ ಇನ್ನೊಂದು ವಿಚಿತ್ರವನ್ನು ಹೇಳಿಬಿಡುತ್ತೇನೆ. ವಿಮಾ ಕಂಪನಿಗೆ ವಹಿವಾಟು ಎಂದರೆ ಬರೆದ ಒಟ್ಟು ಪ್ರೀಮಿಯಂ. 45 ಕೋಟಿ ಯೂರೋ ಪ್ರೀಮಿಯಂ ದಾಟುವುದು ಮಧ್ಯಮ ಗಾತ್ರದವರಿಗೂ ಕಷ್ಟವಲ್ಲ, 1,000 ನೌಕರರ ಗೆರೆಯೇ ನಿಜವಾದ ಜರಡಿ. 800 ಜನರನ್ನಿಟ್ಟುಕೊಂಡು, ಸ್ವತಂತ್ರ ಏಜೆಂಟರ ಮೂಲಕ ಮಾರಿ, ಸಾವಿರಾರು ಕೋಟಿ ಹೂಡಿಕೆ ನಡೆಸುವ ಜೀವವಿಮಾ ಕಂಪನಿ ಹೊರಗುಳಿಯುತ್ತದೆ. ಕ್ಲೇಮ್ ವಿಚಾರಿಸಲು ಊರೂರಿಗೆ ಜನರನ್ನು ಇಟ್ಟುಕೊಂಡ ಕಂಪನಿ ಸಿಕ್ಕಿಬೀಳುತ್ತದೆ. ತಲೆ ಎಣಿಸಿ ಹಣದ ಪ್ರಭಾವ ಅಳೆದರೆ ಹೀಗೇ ಆಗುವುದು.

ಸ್ವಾಮಿ, ಪೀಣ್ಯದಲ್ಲಿ ನಂದು ಒಂದು ಮಷೀನ್ ಶಾಪ್. ಎಂಬತ್ತು ಜನ ಕೆಲಸಗಾರರು. ಜರ್ಮನಿಯ ಗಿರಾಕಿಯೊಬ್ಬರು ಪ್ರತಿ ವರ್ಷ ಪರಿಸರದ ಪ್ರಶ್ನಾವಳಿ ಕಳಿಸುತ್ತಾರೆ. ಹೋದ ಸಲದ ಎಕ್ಸೆಲ್ಲು ಹತ್ತಾರು ಶೀಟು. ‘ನಮ್ಮ ಬ್ಯಾಂಕು, ಇನ್ಶೂರೆನ್ಸಿನವರು ಕೇಳುತ್ತಾರೆ’ ಅನ್ನುತ್ತಾರೆ. ಈಗ ನಿಯಮ ಸಡಿಲವಾಯಿತಂತೆ, ಕೊಡಲ್ಲ ಅನ್ನಬಹುದಾ?
— ಪೀಣ್ಯ, ಬೆಂಗಳೂರು

ಮೊದಲನೆಯದಾಗಿ, ನಾನು ಸ್ವಾಮಿಯಲ್ಲ, ಮೇಡಂ. ಪರವಾಗಿಲ್ಲ.

ಹೊಸ ಒಪ್ಪಂದದಲ್ಲಿ ನಿಮ್ಮಂಥವರಿಗೆ ಒಂದು ಕೊಡೆ ಇದೆ. ಸಾವಿರಕ್ಕಿಂತ ಕಡಿಮೆ ನೌಕರರಿರುವ ಪೂರೈಕೆದಾರರು, ಸಣ್ಣ ಕಂಪನಿಗಳಿಗೆಂದೇ ಬರೆದ ಐಚ್ಛಿಕ ಮಾನದಂಡದಲ್ಲಿ ಇಲ್ಲದ ಮಾಹಿತಿಯನ್ನು ಕೊಡದಿರಬಹುದು. ವರದಿಗಾಗಿ ಅದಕ್ಕಿಂತ ಹೆಚ್ಚು ಹಿಂಡಬಾರದು ಎಂಬುದು ಆಶಯ. ವಿ.ಎಸ್.ಎಂ.ಇ. ಎಂದು ಕರೆಯುವ ಆ ಮಾನದಂಡವನ್ನು ಆಯೋಗ 2025ರ ಜುಲೈ 30ರಂದು ಶಿಫಾರಸು ಮಾಡಿತು. ಆದರೆ ಕಾನೂನು ಬೇರೆ, ಆರ್ಡರು ಬೇರೆ. ಗಿರಾಕಿ ತನ್ನ ವರದಿಗೆ ಅಲ್ಲ, ವ್ಯಾಪಾರದ ಷರತ್ತಾಗಿ ಕೇಳುತ್ತೇನೆ ಎಂದರೆ ಆ ಕೊಡೆ ಎಷ್ಟು ಮಳೆ ತಡೆಯುತ್ತದೆ ಎಂದು ನಿಮಗೇ ಗೊತ್ತು.

ಹಾಗಾಗಿ ಕೊಡಲ್ಲ ಅನ್ನಬೇಡಿ. ‘ವಿ.ಎಸ್.ಎಂ.ಇ.ಯ ಮೂಲ ಭಾಗದಷ್ಟನ್ನು ಕೊಡುತ್ತೇನೆ, ಎಲ್ಲ ಗಿರಾಕಿಗಳಿಗೂ ಇದೇ ಶೀಟು’ ಎಂದು ಬರೆಯಿರಿ. ಅದಕ್ಕೆ ಬೇಕಾದ್ದೆಲ್ಲ ನಿಮ್ಮ ಆಫೀಸಿನ ಬೀರುವಿನಲ್ಲಿದೆ. ಬೆಸ್ಕಾಂನ ಹನ್ನೆರಡು ಬಿಲ್ಲು ತೆಗೆದು ಯೂನಿಟ್ ಕೂಡಿಸಿ. ಜನರೇಟರಿಗೆ ಹಾಕಿಸಿದ ಡೀಸೆಲ್ ರಸೀದಿ, ನೀರಿನ ಟ್ಯಾಂಕರಿನ ಬಿಲ್ಲು, ಕೂಲೆಂಟ್ ಎಣ್ಣೆಯನ್ನೂ ಲೋಹದ ತುರಿಯನ್ನೂ ಯಾರಿಗೆ ಕೊಟ್ಟಿರಿ ಎಂಬ ಚೀಟಿ, ಗಂಡಸರೆಷ್ಟು ಹೆಂಗಸರೆಷ್ಟು ಎಂಬ ಮಸ್ಟರ್ ರೋಲ್, ಅಪಘಾತದ ರಿಜಿಸ್ಟರ್. ಒಂದು ಭಾನುವಾರ ನಿಮ್ಮ ಅಕೌಂಟೆಂಟ್ ಹುಡುಗನಿಗೆ ಊಟ ಹಾಕಿಸಿ ಕೂರಿಸಿದರೆ ಆಯಿತು. ಮುಂದಿನ ವರ್ಷ ತಿಂಗಳು ತಿಂಗಳೂ ತುಂಬಿಸಿ. ನಿಮ್ಮದೇ ಬೆಂಕಿ ವಿಮೆ ನವೀಕರಿಸುವಾಗಲೂ ಆ ಶೀಟು ಸರ್ವೇಯರ್ ಮುಂದಿಡಿ. ಎಣ್ಣೆ, ತುರಿ ಎಲ್ಲಿ ರಾಶಿ ಬೀಳುತ್ತದೆ ಎಂಬುದರಲ್ಲಿ ಅವರಿಗೂ ಆಸಕ್ತಿ ಇದೆ.

ನಿಮ್ಮಂಥ ತಜ್ಞರು ಯಾವಾಗಲೂ ಕಂಪನಿಗಳ ಪರ. 2018ರಲ್ಲಿ ನಮ್ಮ ಕಡೆ ಗುಡ್ಡ ಕುಸಿದಾಗ ವಿಮೆ ಇದ್ದ ಮನೆ ಬೆರಳೆಣಿಕೆ. ಜಗತ್ತೆಲ್ಲ ಹೀಗಿರುವಾಗ ಲೆಕ್ಕ ಕೊಡುವುದನ್ನೇ ಹೊರೆ ಅನ್ನುವುದು ಯಾವ ನ್ಯಾಯ? ಇವರನ್ನು ಸುಮ್ಮನೆ ಬಿಟ್ಟ ಹಾಗಲ್ಲವೇ?
— ಮಾದಾಪುರ, ಕೊಡಗು

ನಿಮ್ಮ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯಾಯ ಇದೆ. ಯುರೋಪಿನಲ್ಲೂ ಪ್ರಕೃತಿ ವಿಕೋಪದ ನಷ್ಟದಲ್ಲಿ ಸುಮಾರು ಕಾಲು ಭಾಗಕ್ಕಷ್ಟೇ ವಿಮೆ ಇದೆ ಎಂದು ಅಲ್ಲಿನ ವಿಮಾ ನಿಯಂತ್ರಕ ಸಂಸ್ಥೆ ಐಯೋಪಾ ಹೇಳುತ್ತದೆ. 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ ನದಿ ಉಕ್ಕಿತು. ದೇಶದಲ್ಲಿ ಆ ಮಳೆಗೆ 180ಕ್ಕೂ ಹೆಚ್ಚು ಜನ ಸತ್ತರು. ವಿಮಾ ಕಂಪನಿಗಳು 800 ಕೋಟಿ ಯೂರೋಗೂ ಮೀರಿ ಹೊರಬೇಕಾಯಿತು. ವಿಮೆ ಇಲ್ಲದವರು ಸರ್ಕಾರದ ಪುನರ್ನಿರ್ಮಾಣ ನಿಧಿಯ ಮುಂದೆ ನಿಂತರು.

ಹಾಗಾಗಿ ನಾನು ಎರಡು ಕಡಿತಗಳನ್ನು ಬೇರೆ ಮಾಡಿ ನೋಡುತ್ತೇನೆ. ಪ್ರಶ್ನೆಗಳನ್ನು ಕಡಿಮೆ ಮಾಡಿದ್ದು ಸರಿ. ಉತ್ತರಿಸುವವರನ್ನು ಇಷ್ಟು ಕಡಿಮೆ ಮಾಡಿದ್ದು ತಪ್ಪು. ಆಯೋಗದ ಮೊದಲ ಪ್ರಸ್ತಾವದಲ್ಲೇ ಶೇ 80ರಷ್ಟು ಕಂಪನಿಗಳು ಹೊರಬಿದ್ದಿದ್ದವು, ಕೊನೆಯ ರಾಜಿಯಲ್ಲಿ ಇನ್ನೂ ಹೆಚ್ಚು. ಇದರಿಂದ ವಿಮಾ ಕಂಪನಿಗೇ ಪೆಟ್ಟು, ಅದನ್ನು ಅವರು ಗಟ್ಟಿಯಾಗಿ ಹೇಳುವುದಿಲ್ಲ. ಅವರು ವರದಿ ಬರೆಯುವವರಷ್ಟೇ ಅಲ್ಲ, ಇತರರ ವರದಿಗಳನ್ನು ಓದುವವರೂ ಹೌದು. ಯಾವ ಕಾರ್ಖಾನೆ ನದಿಯ ಪಕ್ಕ ಇದೆ, ಯಾವುದು ಎಷ್ಟು ಕಲ್ಲಿದ್ದಲು ನಂಬಿಕೊಂಡಿದೆ ಎಂದು ತಿಳಿಯದಿದ್ದರೆ ಬಾಂಡು ಕೊಳ್ಳುವುದು ಹೇಗೆ, ದರ ಹಾಕುವುದು ಹೇಗೆ? 900 ಜನರ ಕಂಪನಿ ವರದಿ ಕೊಡುವುದು ನಿಂತರೆ, ಅದೇ ಮಾಹಿತಿಯನ್ನು ವಿಮಾ ಕಂಪನಿ ಮಾಹಿತಿ ಮಾರುವ ಸಂಸ್ಥೆಗಳಿಂದ ದುಡ್ಡು ಕೊಟ್ಟು ಕೊಳ್ಳುತ್ತದೆ. ಅಲ್ಲಿ ಸಿಗುವುದು ಬಹುಮಟ್ಟಿಗೆ ಉದ್ಯಮದ ಸರಾಸರಿ. ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ಅಂಕಿ. ಯುರೋಪಿನ ಕೇಂದ್ರೀಯ ಬ್ಯಾಂಕು 2025ರ ಮೇ ತಿಂಗಳ ತನ್ನ ಅಭಿಪ್ರಾಯದಲ್ಲಿ ಈ ಮಾಹಿತಿ ಕೊರತೆಯ ಬಗ್ಗೆ ಎಚ್ಚರಿಸಿತ್ತು. 500ಕ್ಕಿಂತ ಹೆಚ್ಚು ನೌಕರರ ಕಂಪನಿಗಳಿಗೆ ಸರಳ ಮಾನದಂಡ ಇಡಿ ಎಂದಿತ್ತು. ಕೇಳಲಿಲ್ಲ. ಒಮ್ನಿಬಸ್ ಅನ್ನು ಅವಸರದಲ್ಲಿ ತಯಾರಿಸಿದ ರೀತಿಯಲ್ಲಿ ಲೋಪಗಳಿವೆ ಎಂದು ಯುರೋಪಿನ ಒಂಬುಡ್ಸ್‌ಮನ್ ಅದೇ ವರ್ಷ ನವೆಂಬರಿನಲ್ಲಿ ಹೇಳಿದರು.

ನಿಮ್ಮ ಕಡೆಯ ಮನೆಗಳಿಗೆ ವಿಮೆ ಸಿಗಲು ಬ್ರಸೆಲ್ಸ್‌ನ ವರದಿ ಬೇಕಾಗಿಲ್ಲ, ನಿಜ. ಯಾವ ಗುಡ್ಡ ಜಾರಬಹುದು ಎಂಬ ನಕ್ಷೆ, ಬಡವನಿಗೆ ಕೈಗೆಟುಕುವ ಪಾಲಿಸಿ, ಅದನ್ನು ಮಾರಲು ಬರುವ ಏಜೆಂಟು ಬೇಕು. ವರದಿ ಬರೆಯಲು ಕೂರಿಸಿದ ಆಕ್ಚುಯರಿಯನ್ನು ಅಂಥ ನಕ್ಷೆಯ ಮುಂದೆ ಕೂರಿಸಿ ಎಂಬುದೇ ನನ್ನ ತಕರಾರು. ಇದನ್ನು ಕಂಪನಿಗಳ ಪರ ಎಂದು ನೀವು ಕರೆದರೆ ಬೇಸರವಿಲ್ಲ.

ನಿವೃತ್ತ ಶಿಕ್ಷಕ. ಎಲ್.ಐ.ಸಿ. ಷೇರು ಸ್ವಲ್ಪ ಇದೆ. ವಾರ್ಷಿಕ ವರದಿಯ ಕೊನೆಯಲ್ಲಿ ಬಿ.ಆರ್.ಎಸ್.ಆರ್. ಎಂದು ದಪ್ಪ ಭಾಗ ಇರುತ್ತದೆ. ಇದೂ ಅದೇನಾ? ಓದಬೇಕಾ?
— ಶಿವಮೊಗ್ಗ

ಅದೇ ಜಾತಿಯದ್ದು, ಬೇರೆ ತಳಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದ ಲಿಸ್ಟೆಡ್ ಕಂಪನಿಗಳಿಗೆ ಸೆಬಿ ಇದನ್ನು 2022–23ರಿಂದ ಕಡ್ಡಾಯ ಮಾಡಿದೆ, ಎಲ್.ಐ.ಸಿ.ಗೂ, ಲಿಸ್ಟ್ ಆದ ಇತರ ದೊಡ್ಡ ವಿಮಾ ಕಂಪನಿಗಳಿಗೂ ಅನ್ವಯ. ಒಂಬತ್ತು ತತ್ವಗಳು, ಅವುಗಳಡಿ ಪ್ರಶ್ನೆಗಳು. ಮುಖ್ಯ ಅಂಕಿಗಳನ್ನು ಮೂರನೆಯವರಿಂದ ಪರಿಶೀಲಿಸುವುದು ಮೊದಲ 150 ಕಂಪನಿಗಳಿಂದ ಶುರುವಾಗಿ ಹಂತಹಂತವಾಗಿ ಕೆಳಗಿಳಿಯುತ್ತಿದೆ. ಪೂರೈಕೆದಾರರ, ಗ್ರಾಹಕರ ಮಾಹಿತಿಯ ವಿಷಯದಲ್ಲಿ ಸೆಬಿ 2025ರ ಮಾರ್ಚ್ 28ರಂದು ಹಿಂದೆ ಸರಿದು ಅದನ್ನು ಐಚ್ಛಿಕ ಮಾಡಿತು, ಒಂದು ವರ್ಷ ಮುಂದೆಯೂ ಹಾಕಿತು. ಖರೀದಿ ಅಥವಾ ಮಾರಾಟದಲ್ಲಿ ಶೇ 2ಕ್ಕಿಂತ ಕಡಿಮೆ ಪಾಲಿನವರನ್ನು ಕೇಳಬೇಕಾಗಿಯೂ ಇಲ್ಲ. ಲಕ್ಷಾಂತರ ಪಾಲಿಸಿದಾರರ ಕಂಪನಿಯಲ್ಲಿ ಶೇ 2 ಮುಟ್ಟುವ ಗ್ರಾಹಕ ಎಲ್ಲಿಂದ ಬರಬೇಕು?

ಯುರೋಪಿನ ರೋಗ ಅತಿಯಾಗಿ ಕೇಳುವುದಾದರೆ ನಮ್ಮದು ಬೇರೆ. ಬಿ.ಆರ್.ಎಸ್.ಆರ್. ವಿಮಾ ಕಂಪನಿಯನ್ನೂ ಕಾರ್ಖಾನೆಯ ಅಚ್ಚಿನಲ್ಲೇ ಹಾಕುತ್ತದೆ. ಕಚೇರಿಯ ನಲ್ಲಿಯಲ್ಲಿ ಹರಿದ ನೀರನ್ನು ರೂಪಾಯಿ ಆದಾಯಕ್ಕೆ ಇಷ್ಟು ಎಂದು ಭಾಗಿಸಿ ತೋರಿಸಬೇಕು. ಹೂಡಿಕೆಯ ಮೂಲಕ ಬರುವ ಪರೋಕ್ಷ ಹೊಗೆ ಮಾತ್ರ ಇಷ್ಟವಿದ್ದರೆ ಹೇಳುವ ಪಟ್ಟಿಯಲ್ಲಿದೆ. ಹಾಗಾಗಿ ಪೂರ್ತಿ ಓದುವ ಶ್ರಮ ಬೇಡ. ನೌಕರರ ಭಾಗದಲ್ಲಿ ದೂರುಗಳ ಕೋಷ್ಟಕವನ್ನೂ, ಗ್ರಾಹಕರ ಬಗ್ಗೆ ಇರುವ ಒಂಬತ್ತನೇ ತತ್ವವನ್ನೂ ನೋಡಿ: ಎಷ್ಟು ದೂರು ಬಂತು, ವರ್ಷಾಂತ್ಯಕ್ಕೆ ಎಷ್ಟು ಬಾಕಿ. ವಿಮಾ ಪ್ರಾಧಿಕಾರದ 2024ರ ಕಾರ್ಪೊರೇಟ್ ಆಡಳಿತ ನಿಯಮಗಳು ಹವಾಮಾನ ಅಪಾಯವನ್ನೂ ಒಳಗೊಂಡ ಒಂದು ಚೌಕಟ್ಟನ್ನು ಆಡಳಿತ ಮಂಡಳಿಯೇ ಒಪ್ಪಬೇಕು ಎನ್ನುತ್ತವೆ. ವಾರ್ಷಿಕ ಸಭೆ ಈಗ ಆನ್‌ಲೈನ್‌ನಲ್ಲೂ ನಡೆಯುತ್ತದೆ. ಷೇರುದಾರರಾಗಿ ಹೆಸರು ನೋಂದಾಯಿಸಿ, ಎರಡು ಪ್ರಶ್ನೆ ಕೇಳಿ: ಆ ಚೌಕಟ್ಟನ್ನು ಯಾವ ತಿಂಗಳು ಒಪ್ಪಿದಿರಿ? ನಮ್ಮ ಹೂಡಿಕೆಯಲ್ಲಿ ಕಲ್ಲಿದ್ದಲಿನ ಪಾಲೆಷ್ಟು?